ಚೆಕ್ ಪದದೊಳಗೆ ಕೂತಿರುವ ಶಾಹ್

ಓದುಗರ ಪತ್ರ: ಮಾನ್ಯ ಸಂಪಾದಕರೇ, ಬ್ಯಾಂಕಿಗೆ ಕೊಡುವ ಚೆಕ್, ಬಾಗಿಲು ಹಾಕಿದೆಯೇ ಎಂದು ಚೆಕ್ ಮಾಡುವುದು, ಚೆಕ್ಸ್ ಅಂಗಿ, ಚೆಸ್ಸಿನಲ್ಲಿ ರಾಜನಿಗೆ ಕೊಡುವ ಚೆಕ್ – ಇವೆಲ್ಲ ಒಂದೇ ಪದವೇ? ಅಥವಾ ಉಚ್ಚಾರ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ? ಬ್ಯಾಂಕಿನ ಚೆಕ್ ಅರಬ್ಬಿಯ ‘ಸಕ್ಕ್’ನಿಂದ ಬಂದದ್ದೆಂದು ನನ್ನ ಸ್ನೇಹಿತರು ಖಚಿತವಾಗಿ ಹೇಳುತ್ತಾರೆ. ಚೆಕ್ ದೇಶಕ್ಕೂ ಇದಕ್ಕೂ ಸಂಬಂಧವಿದೆಯೇ? ಕೊನೆಯದಾಗಿ, ಚದುರಂಗ ಭಾರತದ ಆಟವಾದರೆ ಆ ಹೆಸರು ಯುರೋಪಿಗೆ ಹೋಗಲಿಲ್ಲವೇಕೆ?

ಸಂಪಾದಕರ ಉತ್ತರ: ನಿಮ್ಮ ಪತ್ರ ಕೈಗೆ ಬಂದದ್ದು ಬೆಳಿಗ್ಗೆ. ಒಂದು ಪದ ನೋಡಿ ಮುಚ್ಚಿಡೋಣವೆಂದು ತೆರೆದ ನಿಘಂಟು ಸಂಜೆಯವರೆಗೂ ಮೇಜಿನ ಮೇಲೇ ಇತ್ತು. ಈ ಅಂಕಣದಲ್ಲಿ ಸಾಮಾನ್ಯವಾಗಿ ಐದಾರು ಸಾಲಿನ ಉತ್ತರ ಕೊಡುತ್ತೇವೆ. ಈ ಪ್ರಶ್ನೆಗೆ ಅಷ್ಟು ಸಾಲದು. ಮೊದಲು ನೇರವಾಗಿ ಹೇಳಿಬಿಡುತ್ತೇನೆ: ನೀವು ಹೆಸರಿಸಿದ ನಾಲ್ಕೂ ಒಂದೇ ಪದ. ಅವುಗಳಲ್ಲಿ ಹಿರಿಯದು ಚೆಸ್ಸಿನ ಚೆಕ್, ಉಳಿದವು ಅದರ ಮಕ್ಕಳು ಮೊಮ್ಮಕ್ಕಳು. ದೇಶದ ಹೆಸರು ಮಾತ್ರ ಈ ಮನೆತನದ್ದಲ್ಲ.

ಎದುರಾಳಿಯ ರಾಜನ ಮೇಲೆ ಕಾಯಿ ಏರಿ ಹೋದಾಗ ಪರ್ಷಿಯನ್ನರು ‘ಶಾಹ್!’ ಎಂದು ಎಚ್ಚರಿಸುತ್ತಿದ್ದರು. ಶಾಹ್ ಅಂದರೆ ರಾಜ. ಈ ಪುಟ್ಟ ಪದಕ್ಕೂ ದೊಡ್ಡ ಚರಿತ್ರೆಯಿದೆ. ಕ್ರಿ.ಪೂ. 6ನೇ ಶತಮಾನದ ಕೊನೆಯಲ್ಲಿ ದಾರಿಯಸ್ ದೊರೆ ಬೇಹಿಸ್ತೂನ್ ಬಂಡೆಯ ಮೇಲೆ ತನ್ನನ್ನು ರಾಜಾಧಿರಾಜನೆಂದು ಕೆತ್ತಿಸಿಕೊಂಡಾಗ ರಾಜ ಎಂಬುದಕ್ಕೆ ಇದ್ದ ಹಳೆಯ ಪರ್ಷಿಯನ್ ಪದ ‘ಖ್ಷಾಯಥಿಯ’. ಆಡುವವರ ನಾಲಗೆಯಲ್ಲಿ ಸವೆದು ಸವೆದು ಅದು ಶಾಹ್ ಆಯಿತು. ಅದರ ಧಾತುವೂ ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ಗಳ ಧಾತುವೂ ಒಂದೇ ಬುಡದವು. ಅಂದರೆ ಇಂಗ್ಲಿಷಿನ ಚೆಕ್ಕಿಗೂ ನಮ್ಮ ಕ್ಷತ್ರಿಯನಿಗೂ ದೂರದ ನೆಂಟಸ್ತನವಿದೆ.

7ನೇ ಶತಮಾನದಲ್ಲಿ ಪರ್ಷಿಯಾ ಅರಬ್ಬರ ಕೈಸೇರಿದ ಮೇಲೆ ಆಟವನ್ನು ಅವರು ಕಲಿತರು. ಅವರಿಂದ ಅದು ಸ್ಪೇನ್, ಸಿಸಿಲಿಗಳ ಮೂಲಕ ಯುರೋಪಿಗೆ ದಾಟಿತು. ಶಾಹ್ ಪದದ ಕೊನೆಯ ಹಕಾರ ಲ್ಯಾಟಿನ್ ಬರೆಯುವವರ ಕೈಯಲ್ಲಿ ಕಕಾರವಾಗಿ ‘ಸ್ಕಾಕುಸ್’ ಎಂಬ ರೂಪ ಹುಟ್ಟಿತು. ಪದದ ಆರಂಭದಲ್ಲಿ ‘ಸ್ಕ’ ಬಂದರೆ ಫ್ರೆಂಚರಿಗೆ ಮುಂದೊಂದು ಸ್ವರ ಬೇಕು, ಸ್ಕೂಲನ್ನು ಇಸ್ಕೂಲು ಎನ್ನುವವರ ಹಾಗೆ. ಹೀಗೆ ‘ಎಷೆಕ್’. ಇಂಗ್ಲಿಷಿಗೆ ಬರುವಾಗ ಆ ಮುಂದಿನ ಸ್ವರ ಉದುರಿ ಚೆಕ್ ಉಳಿಯಿತು. ಅದೇ ಫ್ರೆಂಚ್ ಪದದ ಬಹುವಚನದಿಂದ ಬಂದದ್ದು ‘ಚೆಸ್’. ಆಟದ ಹೆಸರಿನ ಅಕ್ಷರಶಃ ಅರ್ಥ ‘ರಾಜರು’ ಎಂದಷ್ಟೇ! ಚೆಕ್‌ಮೇಟ್ ಎಂಬುದು ‘ಶಾಹ್ ಮಾತ್’. ಅರಬ್ಬಿಯ ‘ಮಾತ’ ಎಂದರೆ ಸತ್ತ, ಹಾಗಾಗಿ ‘ರಾಜ ಸತ್ತ’ ಎಂದು ಬಹಳ ಜನ ಅರ್ಥ ಹೇಳುತ್ತಾರೆ. ಪರ್ಷಿಯನ್ ಮೂಲದಿಂದ ನೋಡಿದರೆ ‘ರಾಜ ದಿಕ್ಕುಗಾಣದೆ ನಿಂತ’ ಎಂದಾಗುತ್ತದೆ. ನನಗೆ ಒಪ್ಪಿಗೆಯಾಗುವುದು ಎರಡನೆಯದು. ಆ ಆಟದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ, ಮಣೆಯಿಂದ ಎತ್ತುವುದೂ ಇಲ್ಲ.

ರಾಜ ಎಂಬ ಪದ ‘ಪರೀಕ್ಷಿಸು’ ಎಂಬ ಅರ್ಥಕ್ಕೆ ಬಂದದ್ದು ಹೇಗೆ? ಆಡುವವರನ್ನು ಗಮನಿಸಿ. ಚೆಕ್ ಎಂದ ಕೂಡಲೇ ಎದುರಿನವನ ಎಲ್ಲ ಹಂಚಿಕೆ ನಿಂತುಹೋಗುತ್ತದೆ. ಬೇರೆ ಯಾವ ನಡೆಯೂ ಸಲ್ಲದು, ಮೊದಲು ರಾಜನನ್ನು ಉಳಿಸಬೇಕು. ಈ ‘ನಿಂತುಹೋಗುವುದು’ ಮಣೆಯಿಂದ ಆಚೆ ಬಂತು. 14ನೇ ಶತಮಾನದ ಹೊತ್ತಿಗೇ ಇಂಗ್ಲಿಷರು ತಡೆ, ಅಡ್ಡಿ ಎಂಬರ್ಥದಲ್ಲಿ ಚೆಕ್ ಎನ್ನತೊಡಗಿದ್ದರು. ಮುಂದೆ 17ನೇ ಶತಮಾನದಲ್ಲಿ ಹತೋಟಿಯಲ್ಲಿಡು ಎಂಬ ಅರ್ಥ ಬಂತು, ಅದೇ ಶತಮಾನದ ಕೊನೆಗೆ ‘ಒಂದು ಮಾತನ್ನು ಹಾಗೇ ಹೋಗಗೊಡದೆ ತಡೆದು, ದಾಖಲೆಯ ಪಕ್ಕ ಇಟ್ಟು ನೋಡು’ ಎಂಬ ಅರ್ಥವೂ ಕೂಡಿಕೊಂಡಿತು. ಬಾಗಿಲ ಹತ್ತಿರ ಹೋಗಿ ಅಗುಳಿ ಮುಟ್ಟಿ ನೋಡುವಾಗ ನಾವು ಮಾಡುವುದು ಅದನ್ನೇ: ‘ಹಾಕಿದ್ದೇನೆ’ ಎಂಬ ನಮ್ಮದೇ ನಂಬಿಕೆಯನ್ನು ಕ್ಷಣಕಾಲ ತಡೆಯುತ್ತೇವೆ.

ಚೆಕ್ಸ್ ಅಂಗಿಯ ದಾರಿ ಬೇರೆ. ಅದು ರಾಜನಿಂದ ಬಂದದ್ದಲ್ಲ, ಮಣೆಯಿಂದ ಬಂದದ್ದು. ಭಾರತದಲ್ಲಿ ಈ ಆಟ ಆಡುತ್ತಿದ್ದದ್ದು ‘ಅಷ್ಟಾಪದ’ವೆಂಬ ಎಂಟೆಂಟು ಮನೆಗಳ ಮಣೆಯ ಮೇಲೆ. ಗೆರೆಗಳಿದ್ದವು, ಬಣ್ಣದ ವ್ಯತ್ಯಾಸವಿರಲಿಲ್ಲ. ಪರ್ಷಿಯನ್ನರೂ ಅರಬ್ಬರೂ ಹಾಗೆಯೇ ಆಡಿದರು. ಒಂದು ಮನೆ ಬಿಟ್ಟು ಒಂದು ಮನೆಗೆ ಬಣ್ಣ ಹಚ್ಚಿದವರು ಯುರೋಪಿನವರು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಉಳಿದಿರುವ, 10ನೇ ಶತಮಾನದ ಕೊನೆಯ ಒಂದು ಲ್ಯಾಟಿನ್ ಪದ್ಯದಲ್ಲಿ ಎರಡು ಬಣ್ಣದ ಮಣೆಯ ಮಾತು ಬರುತ್ತದೆ. ಆ ಬಣ್ಣ ಬರದೇ ಹೋಗಿದ್ದರೆ ಚೌಕಳಿ ಬಟ್ಟೆಗೆ ಈ ಹೆಸರು ಅಂಟುವ ಸಂದರ್ಭವೇ ಒದಗುತ್ತಿರಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಚೆಸ್ ಮಣೆಗೆ ಹಳೆಯ ಫ್ರೆಂಚಿನಲ್ಲಿ ‘ಎಶೆಕಿಯೆರ್’, ಲ್ಯಾಟಿನ್ನಿನಲ್ಲಿ ‘ಸ್ಕಾಕಾರಿಯುಂ’ ಎಂಬ ಹೆಸರಿತ್ತು. ಇಂಗ್ಲೆಂಡಿನ ರಾಜಬೊಕ್ಕಸದ ಲೆಕ್ಕ ನಡೆಯುತ್ತಿದ್ದ ಮೇಜಿಗೂ ಅದೇ ಹೆಸರು ಬಂತು, ಮೇಜಿನಿಂದ ಇಡೀ ಇಲಾಖೆಗೆ. ಅದೇ ಎಕ್ಸ್‌ಚೆಕರ್. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇಂದಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಎನ್ನುತ್ತಾರೆ. ‘ಎಶ್’ ಎಂಬ ಆರಂಭವನ್ನು ಲ್ಯಾಟಿನ್ನಿನ ‘ಎಕ್ಸ್’ ಎಂದು ತಪ್ಪಾಗಿ ತಿಳಿದ ಪಂಡಿತರು ಅದರೊಳಗೆ ಎಕ್ಸ್ ಅಕ್ಷರವನ್ನು ಸೇರಿಸಿದರು. ಆ ತಪ್ಪು ಹಾಗೇ ನಿಂತಿದೆ.

ಆ ಮೇಜು ಹೇಗಿತ್ತೆಂದು ನಮಗೆ ಗೊತ್ತಿರುವುದು ರಿಚರ್ಡ್ ಫಿಟ್ಸ್‌ನೀಲ್ ಎಂಬ ಖಜಾಂಚಿಯ ದಯೆಯಿಂದ. ಎರಡನೇ ಹೆನ್ರಿಯ ಕಾಲದಲ್ಲಿ, 1170ರ ದಶಕದಲ್ಲಿ, ಆತ ತನ್ನ ಕಚೇರಿಯ ಕೆಲಸವನ್ನು ಗುರು-ಶಿಷ್ಯರ ಸಂವಾದವಾಗಿ ಬರೆದಿಟ್ಟ. ಮೇಜು ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಮೇಲಿಟ್ಟದ್ದು ಉರುಳದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಈಸ್ಟರ್ ಅವಧಿಯಲ್ಲಿ ಕೊಂಡ ಕಪ್ಪು ಬಟ್ಟೆಯನ್ನು ಅದರ ಮೇಲೆ ಹಾಸುತ್ತಿದ್ದರು, ಬಟ್ಟೆಯ ಮೇಲೆ ಗೆರೆಗಳಿದ್ದವು. ಗೆರೆಗಳ ನಡುವಿನ ಒಂದೊಂದು ಅಂಕಣಕ್ಕೂ ಒಂದೊಂದು ಬೆಲೆ: ಪೆನ್ನಿ, ಶಿಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ. ಬಿಲ್ಲೆಗಳನ್ನು ಆ ಅಂಕಣಗಳಲ್ಲಿ ಇಟ್ಟು, ಸರಿಸಿ, ಕೂಡಿ ಕಳೆಯುತ್ತಿದ್ದರು. ಸೊನ್ನೆಯಿರುವ ನಮ್ಮ ಅಂಕಿಗಳು ಇನ್ನೂ ಆ ಕಚೇರಿಗೆ ಬಂದಿರಲಿಲ್ಲ. ಬರೆಯಲು ರೋಮನ್ ಅಂಕಿ, ಲೆಕ್ಕಕ್ಕೆ ಬಟ್ಟೆ. ಬಿಲ್ಲೆಯಿಲ್ಲದೆ ಖಾಲಿ ಬಿದ್ದ ಅಂಕಣವೇ ಅವರ ಸೊನ್ನೆ.

ಇದಕ್ಕೆ ಚೆಸ್ ಮಣೆಯ ಹೆಸರೇಕೆ ಎಂದು ಶಿಷ್ಯ ಕೇಳುತ್ತಾನೆ. ಗುರು ಮೊದಲು ರೂಪದ ಹೋಲಿಕೆ ಹೇಳುತ್ತಾನೆ, ಆಮೇಲೆ ಇನ್ನೂ ಆಳಕ್ಕೆ ಹೋಗುತ್ತಾನೆ. ಚೆಸ್ಸಿನಲ್ಲಿ ಇಬ್ಬರ ನಡುವೆ ಕಾಳಗ ನಡೆಯುವಂತೆ ಇಲ್ಲಿ ಖಜಾಂಚಿಗೂ ಲೆಕ್ಕ ಒಪ್ಪಿಸಲು ಬಂದ ಶೆರಿಫ್‌ಗೂ ಕಾಳಗ, ಉಳಿದವರು ಸುತ್ತ ಕೂತು ನೋಡುತ್ತಾರೆ, ತೀರ್ಪು ಕೊಡುತ್ತಾರೆ ಎಂಬುದು ಅವನ ವಿವರಣೆ. ಎಂಟುನೂರು ವರ್ಷಗಳ ಹಿಂದಿನ ಒಬ್ಬ ಅಧಿಕಾರಿ ತನ್ನ ದಿನದ ಕೆಲಸದ ಹೆಸರಿನ ಬಗ್ಗೆ ಇಷ್ಟು ಯೋಚಿಸಿ ಬರೆದಿದ್ದಾನಲ್ಲ ಎಂದು ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಹಣ ಸಂದಾಯವಾದದ್ದಕ್ಕೆ ರಸೀದಿ? ಅದು ಮರದ ಕಡ್ಡಿ, ಟ್ಯಾಲಿ. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ತುಂಬಿದ ಬಾರ್ಲಿ ಕಾಳಿನಷ್ಟು. ಕಚ್ಚು ಹಾಕಿದ ಕಡ್ಡಿಯನ್ನು ಉದ್ದಕ್ಕೆ ಸೀಳಿ ‘ಸ್ಟಾಕ್’ ಎಂಬ ಹೋಳನ್ನು ಹಣ ಕಟ್ಟಿದವನಿಗೆ ಕೊಟ್ಟು, ‘ಫಾಯಿಲ್’ ಎಂಬ ಹೋಳನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎರಡನ್ನೂ ಜೋಡಿಸಿದಾಗ ಕಚ್ಚುಗಳು ಕೂಡದಿದ್ದರೆ ಮೋಸ ಬಯಲಾಯಿತೆಂದೇ ಅರ್ಥ. ಇದು 19ನೇ ಶತಮಾನದವರೆಗೂ ನಡೆದುಬಂದ ಪದ್ಧತಿ. ಬೇಡವಾದ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಒಲೆಗೆ ಹಾಕಿ ಸುಡಲು ಹೋಗಿ ಲಂಡನ್ನಿನ ಪಾರ್ಲಿಮೆಂಟ್ ಭವನವೇ ಸುಟ್ಟುಹೋಯಿತು.

ಈ ಎರಡು ಹೋಳುಗಳನ್ನು ನೆನಪಿಟ್ಟುಕೊಳ್ಳಿ, ಬ್ಯಾಂಕಿನ ಚೆಕ್ ಅರ್ಥವಾಗುವುದು ಅದರಿಂದ. 18ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿನಲ್ಲಿ ‘ಚೆಕ್’ ಎಂದರೆ ಹಣದ ಪತ್ರ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡು, ನಾವು ಕೌಂಟರ್‌ಫಾಯಿಲ್ ಎನ್ನುವುದು. ಪತ್ರ ತಿದ್ದಿದ್ದೇ, ನಕಲಿಯೇ ಎಂದು ತಾಳೆ ನೋಡಲು ಇದ್ದದ್ದರಿಂದ ಅದಕ್ಕೆ ಆ ಹೆಸರು. ಬರುಬರುತ್ತಾ ಉಳಿದ ತುಂಡಿನ ಹೆಸರು ಹರಿದುಕೊಟ್ಟ ತುಂಡಿಗೆ ದಾಟಿತು. ಬ್ರಿಟಿಷರು ಎಕ್ಸ್‌ಚೆಕರ್ ಪದದ ನೆರಳಲ್ಲಿ ಅದರ ಕಾಗುಣಿತ ಬದಲಿಸಿಕೊಂಡರು. ಅಮೆರಿಕದವರು ಹಳೆಯದನ್ನೇ ಇಟ್ಟುಕೊಂಡರು. ಆದ್ದರಿಂದ ಕಾಗುಣಿತ ಬೇರೆಯಿದೆ, ಪದ ಬೇರೆಯಲ್ಲ.

ಇನ್ನು ನಿಮ್ಮ ಸ್ನೇಹಿತರ ಮಾತು. ಅವರು ಹೇಳುವ ಸಕ್ಕ್ ಕಟ್ಟುಕಥೆಯಲ್ಲ. ಹಣ ಸಲ್ಲಿಸಬೇಕೆಂಬ ಬರಹಕ್ಕೆ ಅರಬ್ಬರಲ್ಲಿ ಆ ಹೆಸರಿತ್ತು. 10ನೇ ಶತಮಾನದಲ್ಲಿ ಇಬ್ನ್ ಹೌಕಲ್ ಎಂಬ ಪ್ರವಾಸಿ ಸಹಾರಾದ ದಕ್ಷಿಣದ ಅಂಚಿನ ಔದಾಘೋಸ್ತ್‌ನಲ್ಲಿ 42,000 ದಿನಾರುಗಳ ಒಂದು ಸಕ್ಕ್ ನೋಡಿದ್ದಾಗಿ ಬರೆದಿದ್ದಾನೆ. ವಸ್ತು ಒಂದೇ ಥರದ್ದು, ಸದ್ದೂ ಹತ್ತಿರದ್ದು, ಯಾರಿಗಾದರೂ ನಂಬಬೇಕೆನಿಸುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಅರಬ್ಬಿಯಿಂದ ಇಂಗ್ಲೆಂಡಿಗೆ ಪದವೊಂದು ಬರಬೇಕಾದರೆ ನಡುವೆ ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ಎಲ್ಲಾದರೂ ಅದರ ಹೆಜ್ಜೆ ಕಾಣಬೇಕು. ಶಾಹ್ ಪದಕ್ಕೆ ಅಂಥ ಹೆಜ್ಜೆಗಳು ಸಾಲಾಗಿವೆ. ಬ್ಯಾಂಕಿನ ಚೆಕ್ಕಿಗೆ ಇಲ್ಲ. ಫ್ರೆಂಚರೇ ‘ಶೆಕ್’ ಎಂಬ ಬ್ಯಾಂಕಿನ ಪದವನ್ನು ಇಂಗ್ಲಿಷಿನಿಂದ ಪಡೆದರು. ಅದಲ್ಲದೆ ಇಂಗ್ಲೆಂಡಿನಲ್ಲಿ ಇಂಥ ಹಣದ ಆದೇಶಗಳು ಈ ಹೆಸರಿಗಿಂತ ಮೊದಲೇ ಇದ್ದವು: 1659ರಲ್ಲಿ ಕೈಯಲ್ಲಿ ಬರೆದ, 400 ಪೌಂಡಿನ ಒಂದು ಆದೇಶ ಇಂದಿಗೂ ಉಳಿದಿದೆ. ಆಗ ಅದನ್ನು ಯಾರೂ ಚೆಕ್ ಎನ್ನುತ್ತಿರಲಿಲ್ಲ. ವಸ್ತುವಿನ ಜೊತೆಗೇ ಹೆಸರೂ ಅರಬ್ಬರಿಂದ ಬಂದಿದ್ದರೆ ಆ ಹಳೆಯ ಕಾಗದಗಳಲ್ಲೇ ಅದು ಸಿಗಬೇಕಿತ್ತು.

ಸದ್ದಿನ ಹೋಲಿಕೆಯನ್ನಷ್ಟೇ ನಂಬುವುದಾದರೆ ಚೆಕ್ ದೇಶವನ್ನೂ ಇದೇ ಪಟ್ಟಿಗೆ ಸೇರಿಸಬೇಕಾಗುತ್ತದೆ. ಆ ಹೆಸರು ಅಲ್ಲಿಯ ಸ್ಲಾವ್ ಜನ ತಮ್ಮನ್ನು ತಾವು ಕರೆದುಕೊಂಡದ್ದು. ಇಂಗ್ಲಿಷಿನಲ್ಲಿ ಅದರ ಕಾಗುಣಿತ ಪೋಲಿಷ್ ಬರವಣಿಗೆಯ ರೀತಿಯದು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುವುದರಿಂದ ನಿಮಗೆ ಸಂದೇಹ ಬಂದದ್ದು ಸಹಜ.

ಇತರ ಅರ್ಥಗಳು ಇನ್ನೂ ಇವೆ. ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿಗೆ ಚೆಕ್ ಎನ್ನುತ್ತಾರೆ. ಸರಿ ಗುರುತೂ ಅವರಿಗೆ ಚೆಕ್ಕೇ. ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತಾಗ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ ‘ರೇನ್ ಚೆಕ್’ ಆಯಿತು. ಬೇಟೆ ಬಿಟ್ಟು ಬೇರೆ ಹಕ್ಕಿಯ ಹಿಂದೆ ಹೋಗುವ ಸಾಕಿದ ಡೇಗೆಯ ತಪ್ಪಿಗೂ ಹಿಂದೆ ಇದೇ ಹೆಸರಿತ್ತು. ಫ್ರೆಂಚಿನಲ್ಲಿ ಇದೇ ಪದ ಇಂದು ‘ಸೋಲು’, ‘ವೈಫಲ್ಯ’ ಎಂಬ ಅರ್ಥ ಕೊಡುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಚದುರಂಗವೆಂಬ ಹೆಸರು ಯುರೋಪಿಗೆ ಹೋಗಿದೆ. ಆನೆ, ಕುದುರೆ, ರಥ, ಕಾಲಾಳುಗಳ ‘ಚತುರಂಗ’ ಪರ್ಷಿಯಾದಲ್ಲಿ ‘ಚತ್ರಂಗ್’ ಆಗಿ, ಅರಬ್ಬಿಯಲ್ಲಿ ‘ಶತ್ರಂಜ್’ ಆಗಿ, ಅರಬ್ಬರು ಬಹುಕಾಲ ಆಳಿದ ಐಬೀರಿಯಾದಲ್ಲಿ ನೆಲೆ ನಿಂತಿತು. ಸ್ಪೇನಿನವರು ಆಟವನ್ನು ‘ಅಹೆದ್ರೆತ್’ ಎನ್ನುತ್ತಾರೆ, ಪೋರ್ಚುಗೀಸರು ‘ಶದ್ರೇಶ್’. ಅಲ್ಲಿಂದ ಉತ್ತರಕ್ಕೆ ದಾಟಿದ್ದು ರಾಜನ ಕೂಗು ಮಾತ್ರ: ಇಟಲಿಯ ‘ಸ್ಕಾಕಿ’, ಜರ್ಮನಿಯ ‘ಶಾಖ್’, ಇಂಗ್ಲೆಂಡಿನ ಚೆಸ್ ಎಲ್ಲವೂ ಶಾಹ್ ಪದದವೇ. ಪೋರ್ಚುಗೀಸರ ಶದ್ರೇಶ್‌ಗೆ ಇನ್ನೊಂದು ಅರ್ಥವೂ ಇದೆ, ಅದು ಚೌಕಳಿ ವಿನ್ಯಾಸ. ಇಂಗ್ಲಿಷರು ಶಾಹ್‌ನ ಹೆಸರಿಟ್ಟು ಚೆಕ್ಸ್ ಎಂದು ಕರೆದ ಅದೇ ಅಂಗಿಯನ್ನು ಲಿಸ್ಬನ್ನಿನವರು ಚತುರಂಗದ ಹೆಸರಿಟ್ಟು ಕರೆಯುತ್ತಾರೆ.