ಅಪ್ಪನನ್ನು ನೋಡಲು ಬಿಡದ ದಾರಿಯಲ್ಲಿ ಪ್ರವಾಸ ಹೋಗುವುದು ಹೇಗೆ?

(ಇದು 2021ರ ಪತ್ರ ಮತ್ತು ಉತ್ತರ.)

ಪ್ರಶ್ನೆ: ನನಗೆ 39 ವರ್ಷ. ಪತಿ, 14 ವರ್ಷದ ಮಗ, 8 ವರ್ಷದ ಮಗಳು, 71 ವರ್ಷದ ಅತ್ತೆ ಸೇರಿ ಐವರ ಸಂಸಾರ ನಮ್ಮದು. ಕೊರೊನಾ ಎರಡನೇ ಅಲೆ ಇಳಿದು ದೇಶದೊಳಗಿನ ಪ್ರಯಾಣಕ್ಕೆ ಅನುಮತಿ ಸಿಕ್ಕ ಕೂಡಲೇ ಪತಿ ಮುಂದಿನ ವಾರ ನಾಲ್ಕು ದಿನದ ಮಟ್ಟಿಗೆ ಗಿರಿಧಾಮವೊಂದರಲ್ಲಿ ಕೋಣೆ ಕಾದಿರಿಸಿದ್ದಾರೆ. ಮೈದುನನ ಮನೆಯವರೂ ಸೇರಿ ಎಂಟು ಮಂದಿ ಒಂದೇ ವ್ಯಾನಿನಲ್ಲಿ ಹೋಗುವುದೆಂದು ತೀರ್ಮಾನವಾಗಿದೆ. ಸಕ್ಕರೆ ಕಾಯಿಲೆ ಇರುವ ಅತ್ತೆ ‘ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ’ ಎನ್ನುತ್ತಿದ್ದಾರೆ. ನಮ್ಮಿಬ್ಬರಿಗೂ ಎರಡು ಡೋಸ್ ಲಸಿಕೆ ಆಗಿದೆ. ಮೊದಮೊದಲು ಹೆದರಿ ಹಿಂದೇಟು ಹಾಕಿದ ಅತ್ತೆಯವರಿಗೆ ಒಂದೇ ಡೋಸ್ ಆಗಿದ್ದು, ಎರಡನೆಯದಕ್ಕೆ ಇನ್ನೂ ಮೂರು ವಾರವಿದೆ. ಮಕ್ಕಳಿಗೆ ಲಸಿಕೆ ಆಗಿಲ್ಲ. ಹೊರಡುವ ಮೊದಲು ಎಲ್ಲರೂ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿಸಿಕೊಳ್ಳುತ್ತೇವಲ್ಲ, ಇನ್ನೇನು ಭಯ ಎಂಬುದು ಪತಿಯ ವಾದ. ನಾನು ಬೇಡವೆಂದರೆ ಎಲ್ಲರ ಸಂತೋಷ ಕೆಡಿಸಿದಂತೆ ಎಂದಳು ಓರಗಿತ್ತಿ. ಒಂದೂವರೆ ವರ್ಷದಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇರುವ ಮಗ, ಪ್ರವಾಸದ ಸುದ್ದಿ ಕೇಳಿದ ಮೇಲೆ ಹಳೆಯ ಬೂಟುಗಳನ್ನು ತೆಗೆದು ಒರೆಸಿಟ್ಟಿದ್ದಾನೆ. ಅದನ್ನು ನೋಡಿ ಬೇಡವೆನ್ನಲು ಬಾಯಿ ಬರುತ್ತಿಲ್ಲ.

ಇನ್ನೊಂದು ಮಾತು. 2020ರ ಏಪ್ರಿಲ್‌ನಲ್ಲಿ ನನ್ನ ತಂದೆ ಹೃದಯಾಘಾತದಿಂದ ತೀರಿಕೊಂಡರು. ತವರು 240 ಕಿ.ಮೀ. ದೂರ. ಪ್ರಯಾಣಕ್ಕೆ ಅನುಮತಿ ಸಿಗಲಿಲ್ಲ. ನನ್ನ ತಮ್ಮ ಅಂತ್ಯಕ್ರಿಯೆಯನ್ನು ಮೊಬೈಲ್‌ನಲ್ಲಿ ತೋರಿಸಿದ. ಅವನ ಕೈ ನಡುಗುತ್ತಿತ್ತು. ನನಗೆ ಕಂಡದ್ದು ಜನರ ಕಾಲುಗಳು ಮತ್ತು ನೆಲ ಮಾತ್ರ. ಗಿರಿಧಾಮಕ್ಕೆ ಹೋಗುವುದೂ ಅದೇ ದಾರಿಯಲ್ಲಿ. ನಾನು ಏನು ಮಾಡಲಿ?

ಉತ್ತರ: ಸೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವ್ಯಾನು, ಲಸಿಕೆ, ಪರೀಕ್ಷೆ, ಓರಗಿತ್ತಿಯ ಮಾತು ಎಲ್ಲವನ್ನೂ ಸಾಲಾಗಿ ಬರೆದ ನೀವು ತಂದೆಯವರ ವಿಷಯವನ್ನು ‘ಇನ್ನೊಂದು ಮಾತು’ ಎಂದು ಕೊನೆಗೆ ಇಟ್ಟಿದ್ದೀರಿ. ನನಗಂತೂ ನಿಮ್ಮ ಪತ್ರ ಅಲ್ಲಿಂದಲೇ ಶುರುವಾದಂತೆ ಕಂಡಿತು. ಆದರೆ ಹೊರಡುವ ದಿನ ಹತ್ತಿರವಿರುವುದರಿಂದ ಪ್ರವಾಸದ ಮಾತನ್ನು ಮೊದಲು ಮುಗಿಸುತ್ತೇನೆ. ಮುಂದಿನ ವಾರ ಹೋಗಬೇಡಿ. ಐದು ವಾರ ಮುಂದಕ್ಕೆ ಹಾಕಿ.

ಐದು ವಾರದ ಲೆಕ್ಕ ಅತ್ತೆಯವರದು. ಎರಡನೇ ಡೋಸಿಗೆ ಮೂರು ವಾರ, ಆ ಡೋಸು ಪೂರ್ತಿ ಫಲ ಕೊಡಲು ಇನ್ನೆರಡು ವಾರ. ಈಗ, 2021ರಲ್ಲಿ, ಹರಡುತ್ತಿರುವ ಕೊರೊನಾ ವೈರಸ್ಸಿನ ಡೆಲ್ಟಾ ರೂಪಾಂತರಿಯ ಎದುರು ಒಂದೇ ಡೋಸಿನ ರಕ್ಷಣೆ ದುರ್ಬಲ. ವಯಸ್ಸು 70 ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಸೋಂಕು ತಗಲಿದರೆ ಕಾಯಿಲೆ ಉಲ್ಬಣಿಸುವ ಸಂಭವ ಇಂಥವರಿಗೇ ಹೆಚ್ಚು. ಅನುಮತಿ ಸಿಕ್ಕಿದೆಯಲ್ಲ ಎಂದು ಮನೆಯವರು ಹೇಳಬಹುದು. ನಿರ್ಬಂಧ ಸಡಿಲಿಸುವವರು ಇಡೀ ಜನಸಂಖ್ಯೆಯ ಲೆಕ್ಕ ಹಾಕುತ್ತಾರೆ, ಆಸ್ಪತ್ರೆಗಳಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಎಂದು ನೋಡುತ್ತಾರೆ. ನಿಮ್ಮ ಅತ್ತೆಯವರ ರಕ್ತದ ಸಕ್ಕರೆ ಎಷ್ಟಿದೆ ಎಂಬುದು ಅವರ ಲೆಕ್ಕದಲ್ಲಿ ಇಲ್ಲ. ಅದನ್ನು ನೋಡಬೇಕಾದವರು ನೀವೇ.

‘ನಾನು ಮನೆಯಲ್ಲೇ ಇರುತ್ತೇನೆ’ ಎಂಬ ಅತ್ತೆಯವರ ಮಾತೇ ನನ್ನನ್ನು ಹೆಚ್ಚು ಕಾಡಿತು. ನೀವು ಬೆಟ್ಟದ ಮೇಲಿರುವ ನಾಲ್ಕು ದಿನ ಅವರು ಕ್ಷೇಮವಾಗಿಯೇ ಇರುತ್ತಾರೆ. ಅಪಾಯ ಶುರುವಾಗುವುದು ಐದನೇ ದಿನ, ಮೊಮ್ಮಗಳು ಓಡಿ ಬಂದು ಅಜ್ಜಿಯ ಮಡಿಲಲ್ಲಿ ಕುಳಿತಾಗ. ಸೋಂಕು ತಗಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದಾರು ದಿನ ಬೇಕು. ಡೆಲ್ಟಾದಲ್ಲಿ ಇನ್ನೂ ಬೇಗ, ಕೆಲವರಲ್ಲಿ 14 ದಿನದವರೆಗೂ ಆಗಬಹುದು. ಲಕ್ಷಣ ಕಾಣುವ ಎರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಮಕ್ಕಳಲ್ಲಿ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ. ಎರಡು ಡೋಸ್ ಹಾಕಿಸಿಕೊಂಡ ನಿಮ್ಮಿಬ್ಬರಿಗೆ ಕಾಯಿಲೆ ಜೋರಾಗದಿರಬಹುದು, ಆದರೆ ಸೋಂಕನ್ನು ಮನೆಗೆ ಹೊತ್ತು ತರುವುದಿಲ್ಲ ಎನ್ನುವಂತಿಲ್ಲ.

ಪತಿಯವರು ನೆಚ್ಚಿಕೊಂಡಿರುವ ಪರೀಕ್ಷೆ ಒಳ್ಳೆಯದೇ. ಆದರೆ ಅದು ಹೇಳುವುದು ಮಾದರಿ ಕೊಟ್ಟ ಹೊತ್ತಿನ ಸಂಗತಿಯನ್ನು ಮಾತ್ರ. ಸೋಂಕು ತಗಲಿದ ಮೊದಲ ಎರಡು ಮೂರು ದಿನ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗುವುದುಂಟು. ಹೊರಡುವ ಮುನ್ನ ಮಾಡಿಸಿದ ಪರೀಕ್ಷೆ ನೀವು ಹೋಗುವ ಊರಿನವರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ, ಅತ್ತೆಯವರಿಗಲ್ಲ. ಅವರಿಗಾಗಿ ಮಾಡಿಸುವುದಾದರೆ ಹಿಂದಿರುಗಿ ನಾಲ್ಕೈದು ದಿನವಾದ ಮೇಲೆ ಮಾಡಿಸಬೇಕು. ಅಲ್ಲಿಯವರೆಗೆ ಮನೆಯೊಳಗೂ ಮಾಸ್ಕ್, ತೆರೆದ ಕಿಟಕಿ, ಅವರಿಗೆ ಬೇರೆ ಹೊತ್ತಿನಲ್ಲಿ ಊಟ. ಎಂಟು ವರ್ಷದ ಮಗಳನ್ನು ಅಷ್ಟು ದಿನ ಅಜ್ಜಿಯಿಂದ ದೂರ ಇಡಲು ಆಗುತ್ತದೆಯೇ ಎಂದು ಪತಿಯವರನ್ನು ಕೇಳಿ ನೋಡಿ. ಅವರ ಉತ್ತರ ನನ್ನ ಸಲಹೆಗಿಂತ ಚೆನ್ನಾಗಿ ಕೆಲಸ ಮಾಡೀತು.

ಹಾಗೆಂದು ನಿಮ್ಮ ಪತಿಯನ್ನು ಹೊಣೆಗೇಡಿ ಎನ್ನಲು ನಾನು ಸಿದ್ಧಳಿಲ್ಲ. ಒರೆಸಿಟ್ಟ ಆ ಬೂಟುಗಳನ್ನು ಅವರೂ ನೋಡಿರುತ್ತಾರೆ. ಹದಿನಾಲ್ಕರ ಹುಡುಗ ಒಂದೂವರೆ ವರ್ಷ ಗೆಳೆಯರಿಲ್ಲದೆ ಪರದೆಯ ಮುಂದೆ ಕುಳಿತಿದ್ದಾನೆ ಎಂದರೆ ಅದೂ ಆರೋಗ್ಯದ ಪ್ರಶ್ನೆಯೇ. ಮಗುವಿನ ಮೈಯ ಬಿಸಿ ನೋಡಲು ಥರ್ಮಾಮೀಟರ್ ಇದೆ, ಮನಸ್ಸಿನ ಬಿಸಿಗೆ ಇಲ್ಲ. ಅದಕ್ಕೇ ಮನೆಮನೆಯಲ್ಲೂ ಇದು ಕೊನೆಯ ಸಾಲಿಗೆ ಹೋಗುತ್ತಿದೆ. ಆದ್ದರಿಂದ ಐದು ವಾರ ತಡೆಯಿರಿ ಎನ್ನುವ ನಾನು, ಈ ಭಾನುವಾರವೇ ಅವನನ್ನು ಹೊರಗೆ ಕರೆದೊಯ್ಯಿರಿ ಎಂದೂ ಹೇಳುತ್ತೇನೆ. ಬಯಲಿನಲ್ಲಿ ಗಾಳಿ ಸೋಂಕನ್ನು ಚದುರಿಸಿಬಿಡುತ್ತದೆ. ಮುಚ್ಚಿದ ಕೋಣೆಗೆ ಹೋಲಿಸಿದರೆ ತೆರೆದ ಜಾಗದಲ್ಲಿ ಹರಡುವುದು ತೀರಾ ಕಡಿಮೆ. ಜನ ಸೇರುವ ಮುನ್ನ, ಬೆಳಕು ಹರಿಯುವ ಹೊತ್ತಿಗೆ, ಹತ್ತಿರದ ಗುಡ್ಡವನ್ನೋ ಕೆರೆಯನ್ನೋ ಹುಡುಕಿ ಹೋಗಿ, ಹತ್ತು ಗಂಟೆಯೊಳಗೆ ಮನೆ ಸೇರಿ. ಬೂಟುಗಳಿಗೆ ಮಣ್ಣು ಮೆತ್ತಿಕೊಳ್ಳಲಿ. ಪ್ರವಾಸ ರದ್ದಾಯಿತು ಎಂದು ಅವನಿಗೆ ಹೇಳಬೇಡಿ. ಹೊಸ ತಾರೀಖನ್ನು ಕ್ಯಾಲೆಂಡರಿನಲ್ಲಿ ಅವನ ಕೈಯಿಂದಲೇ ಗುರುತು ಹಾಕಿಸಿ.

ಐದು ವಾರ ಕಳೆದ ಮೇಲೂ ಹೊರಡುವ ಮುನ್ನ ಎರಡೂ ಕಡೆಯ ಸ್ಥಿತಿ ನೋಡಿ. ಸೋಂಕು ಮತ್ತೆ ಏರುತ್ತಿದ್ದರೆ ಇನ್ನಷ್ಟು ತಡೆಯಿರಿ. ಹೋಗುವುದಾದರೆ ಆ ವ್ಯಾನು ಮಾತ್ರ ಬೇಡ. ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಎರಡು ಸಂಸಾರದವರು ಗಂಟೆಗಟ್ಟಲೆ ಮಾತಾಡುತ್ತ, ಹಾಡುತ್ತ ಕೂರುವುದು ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಅಪಾಯಕರವೆನಿಸಿದ ಭಾಗ. ನಿಮ್ಮ ವಾಹನ ನಿಮಗೆ, ಅವರದು ಅವರಿಗೆ. ಬೆಟ್ಟದ ಮೇಲೆ ಬಯಲಿನಲ್ಲಿ ಒಟ್ಟಾಗಿ ಕೂರಿ. ಕೋಣೆ ಕಾದಿರಿಸುವಾಗ ಹೊರಗಿನ ಗಾಳಿಗೆ ತೆರೆಯುವ ಕಿಟಕಿ ಇದೆಯೇ ಎಂದು ಕೇಳಿ. ನೆಲಕ್ಕೆ, ಟೇಬಲಿಗೆ ಸಿಂಪಡಿಸುವ ಔಷಧಿಗಿಂತ ಆ ಕಿಟಕಿ ಮುಖ್ಯ. ಜೊತೆಗೆ, ನಾಲ್ಕು ದಿನದ ಪ್ರವಾಸ ಹದಿನಾಲ್ಕು ದಿನವಾದರೆ ಏನು ಗತಿ ಎಂದು ಮೊದಲೇ ಯೋಚಿಸಿಡಿ. ಯಾರಿಗಾದರೂ ಅಲ್ಲೇ ಸೋಂಕು ದೃಢಪಟ್ಟರೆ ಎಲ್ಲಿ ಉಳಿಯುತ್ತೀರಿ? ಅತ್ತೆಯವರ ಔಷಧಿ, ಊಟ ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ಉತ್ತರ ಸಿಗುವವರೆಗೆ ಪೆಟ್ಟಿಗೆ ಕಟ್ಟಬೇಡಿ. ಕೋಣೆಯ ತಾರೀಖು ಬದಲಿಸಿಕೊಡುತ್ತಾರೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ. ಮುಂಗಡ ಹಣ ಹೋದರೆ ಹೋಗಲಿ. ಹಣ ಕಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅತ್ತೆಯವರನ್ನು ಒಬ್ಬರೇ ಇರುವಾಗ ಕೂರಿಸಿಕೊಂಡು ಇನ್ನೊಮ್ಮೆ ಮಾತನಾಡಿಸಿ. ಮಗ ಸೊಸೆಯ ಸಂತೋಷಕ್ಕೆ ಅಡ್ಡ ಬಂದೆ ಎನಿಸಿಕೊಳ್ಳಲು ಯಾವ ಹಿರಿಯರಿಗೂ ಇಷ್ಟವಿರುವುದಿಲ್ಲ. ‘ಹೋಗಿ ಬನ್ನಿ’ ಎನ್ನುವವರ ಮನಸ್ಸಿನಲ್ಲಿ ಹೆದರಿಕೆಯೂ ಇರಬಹುದು. ‘ಹೋಗಲೇ’ ಎಂದು ಕೇಳಬೇಡಿ. ‘ನಾವು ಬಂದ ಮೇಲೆ ಒಂದು ವಾರ ನಿಮ್ಮ ಹತ್ತಿರ ಬರದಿದ್ದರೆ ನಿಮಗೆ ಹೇಗಾಗುತ್ತದೆ’ ಎಂದು ಕೇಳಿ.

ಇನ್ನು ನೀವು ಕೊನೆಗೆ ಇಟ್ಟ ಮಾತು.

ನಿಮ್ಮ ಮನೆಯವರು ನಿಮ್ಮದನ್ನು ಪುಕ್ಕಲುತನ ಎಂದುಕೊಂಡಿದ್ದಾರೆ. ನಿಮಗೂ ಹಾಗೇ ಅನ್ನಿಸತೊಡಗಿರಬಹುದು. ನನಗೆ ಕಾಣುವುದು ಬೇರೆ. ಅಪ್ಪನ ಮುಖ ನೋಡಲು ಬಿಡದ ದಾರಿ ಈಗ ಮೋಜಿಗೆ ತೆರೆದುಕೊಂಡಿದೆ ಎಂದರೆ ಯಾವ ಮಗಳಿಗೆ ಹೊಟ್ಟೆ ಉರಿಯುವುದಿಲ್ಲ? ಅಂದು ನಿಯಮ ಪಾಲಿಸಿ ಮನೆಯಲ್ಲೇ ಉಳಿದದ್ದು ನಿಮ್ಮ ತಪ್ಪಲ್ಲ. ಆಗ ಲಸಿಕೆ ಇರಲಿಲ್ಲ, ಕಾಯಿಲೆ ಹೇಗೆ ಹರಡುತ್ತದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ನಿಮ್ಮಂತೆ ಹಲ್ಲು ಕಚ್ಚಿ ಮನೆಯಲ್ಲಿ ಉಳಿದವರಿಂದ ಎಷ್ಟೋ ಅಪರಿಚಿತರ ಜೀವ ಉಳಿದಿದೆ. ಇದನ್ನೆಲ್ಲ ಬುದ್ಧಿ ಒಪ್ಪುತ್ತದೆ, ಕರುಳು ಒಪ್ಪುವುದಿಲ್ಲ. ಒಪ್ಪಲೇಬೇಕೆಂದು ನಾನೂ ಹೇಳುವುದಿಲ್ಲ. ನನ್ನ ಸೋದರಮಾವನ ಅಂತ್ಯಕ್ರಿಯೆಯನ್ನು ನಾನೂ ಅಂಗೈಯಗಲದ ಪರದೆಯಲ್ಲಿ ನೋಡಿದವಳು. ಸಿಗ್ನಲ್ ಹೋಗಿ ಚಿತ್ರ ಅಲ್ಲೇ ನಿಂತಿತು. ಆ ನಿಂತ ಚಿತ್ರ ಇವತ್ತಿಗೂ ಕಣ್ಣ ಮುಂದಿದೆ.

ಪತಿಗೆ ಇದನ್ನು ಹೇಳಿದ್ದೀರಾ? ಪತ್ರ ನೋಡಿದರೆ ಇಲ್ಲವೆನಿಸುತ್ತದೆ. ಸೋಂಕಿನ ಮಾತು ಎತ್ತಿದಾಗಲೆಲ್ಲ ಅವರು ಪರೀಕ್ಷೆಯ ಉತ್ತರ ಕೊಡುತ್ತಾರೆ, ಏಕೆಂದರೆ ಅವರಿಗೆ ಕೇಳಿಸಿರುವ ಪ್ರಶ್ನೆ ಅದೊಂದೇ. ‘ಆ ದಾರಿಯಲ್ಲಿ ನಗುತ್ತ ಹೋಗಲು ನನ್ನಿಂದ ಆಗುತ್ತಿಲ್ಲ’ ಎಂದು ಇವತ್ತು ರಾತ್ರಿಯೇ ನೇರವಾಗಿ ಹೇಳಿ. ಅಳು ಬಂದರೆ ತಡೆದುಕೊಳ್ಳಬೇಡಿ.

ಐದು ವಾರದ ನಂತರ ಹೊರಟಾಗ ಮೊದಲ ನಿಲುಗಡೆ ತವರುಮನೆಯಾಗಲಿ. ನಿಮ್ಮ ಮನೆಯವರು ಮಾತ್ರ ಹೋಗಿ, ಅಂಗಳದಲ್ಲೇ ಕೂರುವುದಾದರೂ ಸರಿ. ಅವಸರ ಮಾಡದೆ ಅರ್ಧ ದಿನ ಅಲ್ಲಿರಿ. ಅಂದು ಮೊಬೈಲ್ ಹಿಡಿದು ನಿಂತ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಲು ಮತ್ತು ನೆಲವನ್ನು ಬಿಟ್ಟು ನಿಮಗೆ ಕಾಣದೆ ಹೋದ ಉಳಿದದ್ದನ್ನೆಲ್ಲ ಅವನ ಬಾಯಿಂದ ಕೇಳಿಸಿಕೊಳ್ಳಿ.