ಚಾಕು ಕೆಲಸಕ್ಕಿರಲಿ, ಕಾದಾಟಕ್ಕೆ ಬೇಡ

ಪ್ರಿಯ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಇಬ್ಬರು ಗೆಳೆಯರ ಜೊತೆ ನಾಲ್ಕೈದು ದಿನ ಬೆಟ್ಟ, ಕಾಡು ಸುತ್ತಲು ಹೊರಟಿದ್ದೀರಿ. ಮುಂದೆ ಒಬ್ಬರೇ ಹೋಗುವ ಆಸೆಯೂ ಇದೆ. ಅದಕ್ಕಾಗಿ ಒಂದು ಚಾಕು ನೋಡಿಟ್ಟಿದ್ದೀರಿ: ಮುಂಗೈಯುದ್ದದ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ದಿಕ್ಸೂಚಿ, ಗಾಳ, ಬೆಂಕಿಕಡ್ಡಿ. ‘ಇದೊಂದಿದ್ದರೆ ಕಾಡಿನಲ್ಲಿ ಬದುಕಬಹುದು, ಯಾರಾದರೂ ಮೈಮೇಲೆ ಬಂದರೆ ರಕ್ಷಣೆಗೂ ಆಗುತ್ತದೆ ಅಲ್ಲವೇ?’ ಎಂದು ಕೇಳಿದ್ದೀರಿ. ಯಾವ ಉಕ್ಕು ಒಳ್ಳೆಯದು, ಮಸೆಯುವುದು ಹೇಗೆ, ಮಡಚುವ ಚಾಕು ಸಾಲದೇ ಎಂಬ ಪ್ರಶ್ನೆಗಳೂ ಜೊತೆಗಿವೆ.

ಆ ಚಾಕು ಬೇಡ. ಟೊಳ್ಳು ಹಿಡಿಯ ಬಹುಪಾಲು ಚಾಕುಗಳಲ್ಲಿ ಅಲಗು ಹಿಡಿಯ ಬಾಯಿಯ ಹತ್ತಿರವೇ ಮುಗಿದುಹೋಗಿರುತ್ತದೆ. ಅದನ್ನು ಕಚ್ಚಿ ಹಿಡಿದಿರುವುದು ಒಂದು ನಟ್ಟೋ ಪಿನ್ನೋ ಅಷ್ಟೇ. ಸೌದೆ ಸೀಳುವಾಗ ಏಟಿನ ಭಾರವೆಲ್ಲ ಬೀಳುವುದು ಆ ಜಾಗದ ಮೇಲೆ, ಮುರಿಯುವುದೂ ಅಲ್ಲೇ. ಬೆನ್ನಿನ ಗರಗಸದಿಂದಲೂ ಉಪಯೋಗ ಕಡಿಮೆ. ದಪ್ಪ ಅಲಗಿನಲ್ಲಿ ಕೊರೆದ ಹಲ್ಲುಗಳು ಮರದ ಪುಡಿಯನ್ನು ಹೊರಹಾಕಲಾರದೆ ಬೇಗ ಸಿಕ್ಕಿಕೊಳ್ಳುತ್ತವೆ. ಬೆನ್ನಿಗೆ ಹೆಬ್ಬೆರಳು ಊರಿ ನಾಜೂಕಾಗಿ ಕೆತ್ತಲೂ ಆ ಹಲ್ಲುಗಳು ಬಿಡುವುದಿಲ್ಲ. ಗರಗಸ ಬೇಕೆನಿಸಿದರೆ ಮಡಚುವ ಸಣ್ಣ ಗರಗಸವನ್ನೇ ಬೇರೆಯಾಗಿ ಒಯ್ಯಿರಿ. ಮಣಿಕಟ್ಟಿನ ದಪ್ಪದ ಕೊಂಬೆಯನ್ನು ಅದು ಯಾವ ಚಾಕುವಿಗಿಂತಲೂ ಬೇಗ, ಕಡಿಮೆ ಅಪಾಯದಲ್ಲಿ ಕತ್ತರಿಸುತ್ತದೆ. ದಿಕ್ಸೂಚಿ, ಬೆಂಕಿಕಡ್ಡಿಗಳ ಜಾಗ ನಿಮ್ಮ ಜೇಬು.

ಕಾಡಿನಲ್ಲಿ ಚಾಕುವಿಗೆ ಬೀಳುವ ಕೆಲಸಗಳನ್ನು ಒಮ್ಮೆ ನೆನೆದು ನೋಡಿ. ಹಗ್ಗ ಕತ್ತರಿಸುವುದು, ಗುಡಾರದ ಗೂಟದ ತುದಿ ಚೂಪು ಮಾಡುವುದು, ಕೋಲಿನಲ್ಲಿ ಹಗ್ಗ ಜಾರದಂತೆ ಕಚ್ಚು ಕೊರೆಯುವುದು, ಒದ್ದೆ ಸೌದೆಯ ಹೊರಭಾಗ ಕೆತ್ತಿ ಒಳಗಿನ ಒಣ ಮರವನ್ನು ತೆಳ್ಳನೆಯ ಸುರುಳಿಗಳಾಗಿ ಎಬ್ಬಿಸುವುದು, ಅಡುಗೆ, ಗಾಯಕ್ಕೆ ಬಟ್ಟೆಯ ಪಟ್ಟಿ. ಇವೆಲ್ಲ ಅಂಗೈಯಗಲದಲ್ಲಿ ನಡೆಯುವ ಕೆಲಸಗಳು. 1991ರಲ್ಲಿ ಆಲ್ಪ್ಸ್ ಪರ್ವತದ ಇಟಲಿ–ಆಸ್ಟ್ರಿಯಾ ಗಡಿಯ ಮಂಜುಗಡ್ಡೆಯಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿತು. ಓಟ್ಸಿ ಎಂದು ಅವನನ್ನು ಕರೆಯುತ್ತಾರೆ. ಅವನ ಬಳಿ ತಾಮ್ರದ ಕೊಡಲಿ ಇತ್ತು, ಚಕಮಕಿ ಕಲ್ಲಿನ ಅಲಗಿಗೆ ಮರದ ಹಿಡಿ ಕೂಡಿಸಿದ ಚಾಕು ಇತ್ತು. ಹಿಡಿಯೂ ಸೇರಿ ಆ ಚಾಕುವಿನ ಉದ್ದ ಸುಮಾರು 13 ಸೆಂ.ಮೀ. ಅಷ್ಟೇ. ಅದಕ್ಕೆ ಮರದ ನಾರಿನಿಂದ ಹೆಣೆದ ಒರೆ ಇತ್ತು. ಕಲ್ಲಿನ ಅಂಚನ್ನು ಮತ್ತೆ ಚೂಪು ಮಾಡಲು ಜಿಂಕೆಗೊಂಬಿನ ಮೊನೆ ಕೂಡಿಸಿದ ಕಡ್ಡಿಯನ್ನೂ ಅವನು ಮರೆತಿರಲಿಲ್ಲ. ಪರ್ವತ ಸೀಮೆಯಲ್ಲಿ ಬಾಳಿದವನು ದೊಡ್ಡ ಕೆಲಸಕ್ಕೆ ಕೊಡಲಿಯನ್ನೂ ಸಣ್ಣ ಕೆಲಸಕ್ಕೆ ಸಣ್ಣ ಚಾಕುವನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ.

ನೀವು ಹುಡುಕಬೇಕಾದದ್ದು 10ರಿಂದ 12 ಸೆಂ.ಮೀ. ಅಲಗಿನ, 3ರಿಂದ 4 ಮಿ.ಮೀ. ದಪ್ಪದ, ಮಡಚದ ಚಾಕು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಸಾಗಿರಬೇಕು. ಫುಲ್ ಟ್ಯಾಂಗ್ ಎಂದು ಕೇಳಿದರೆ ಮಾರುವವರಿಗೆ ತಿಳಿಯುತ್ತದೆ. ಹಿಡಿ ಮೊಟ್ಟೆಯಾಕಾರದಲ್ಲಿರಲಿ. ಪೂರ್ತಿ ಗುಂಡಗಿದ್ದರೆ ಕತ್ತಲಲ್ಲಿ ಅಂಚು ಯಾವ ಕಡೆಗಿದೆ ಎಂದು ಕೈಗೆ ತಿಳಿಯುವುದಿಲ್ಲ. ಬೆರಳುಗಳು ಕೂರುವಂತೆ ಗುಳಿ ತೋಡಿದ ಹಿಡಿಗಳು ಅಂಗಡಿಯಲ್ಲಿ ಹಿತವೆನಿಸುತ್ತವೆ. ಆದರೆ ಅವು ಒಂದೇ ಹಿಡಿತಕ್ಕೆ ಹೊಂದುತ್ತವೆ, ಅರ್ಧ ಗಂಟೆ ಕೆತ್ತಿದರೆ ಬೊಕ್ಕೆ ಏಳುತ್ತದೆ. ಬೆನ್ನಿನ ಅಂಚು ಗುಂಡಾಗಿರದೆ ನೇರ ಮೂಲೆಯಾಗಿದ್ದರೆ ಫೆರೋ ರಾಡ್ ಎಂಬ ಲೋಹದ ಕಡ್ಡಿಯನ್ನು ಅದರಿಂದ ಕೆರೆದು ಕಿಡಿ ಎಬ್ಬಿಸಬಹುದು, ಚೂಪಾದ ಅಂಚು ಹಾಳಾಗದೆ ಉಳಿಯುತ್ತದೆ.

ಉಕ್ಕಿನ ಬಗ್ಗೆ ನಡೆಯುವ ವಾದಗಳಿಗೆ ಹೆಚ್ಚು ಕಿವಿಗೊಡಬೇಡಿ. 1095 ಎಂಬ ಕಾರ್ಬನ್ ಉಕ್ಕಿನಲ್ಲಿ ಶೇ. 0.95ರ ಆಸುಪಾಸು ಇಂಗಾಲವಿರುತ್ತದೆ. ಅದು ಬೇಗ ಹರಿತವಾಗುತ್ತದೆ, ಒದ್ದೆ ಬಿಟ್ಟರೆ ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ ಶೇ. 10.5 ದಾಟಿದರೆ ಸ್ಟೇನ್‌ಲೆಸ್ ಎನ್ನುತ್ತಾರೆ. ಮಳೆ, ಸಮುದ್ರದಂಡೆ, ಮರೆವು, ಈ ಮೂರರಲ್ಲಿ ಯಾವುದೊಂದಿದ್ದರೂ ಸ್ಟೇನ್‌ಲೆಸ್ಸೇ ಸರಿ. ಸ್ವೀಡನ್ನಿನ 12ಸಿ27, 14ಸಿ28ಎನ್ ಒಳ್ಳೆಯ ಉದಾಹರಣೆಗಳು. ಹೆಸರಿಗಿಂತ ಉಕ್ಕನ್ನು ಕಾಯಿಸಿ ತಣಿಸಿದ ಹದ ಮುಖ್ಯ. ಗಡಸುತನವನ್ನು ರಾಕ್‌ವೆಲ್ ಸಿ ಅಳತೆಯಲ್ಲಿ ಹೇಳುತ್ತಾರೆ. 56ರಿಂದ 60ರ ನಡುವೆ ಇದ್ದರೆ ಸಾಕು. ಅದಕ್ಕಿಂತ ಮೆದುವಾದರೆ ಅಂಚು ಬೇಗ ಮೊಂಡಾಗುತ್ತದೆ. ತೀರಾ ಗಡಸಾದರೆ ಗಂಟಿಗೆ ತಗಲಿದಾಗ ಅಂಚಿನಿಂದ ಚಕ್ಕೆ ಹಾರುವ ಭಯ, ಹೊರಗಡೆ ಮಸೆಯುವುದೂ ಕಷ್ಟ.

ಮಸೆಯುವುದನ್ನು ಕೊಳ್ಳುವ ಮೊದಲೇ ಕಲಿಯಿರಿ ಎಂಬುದು ನನ್ನ ಒತ್ತಾಯ. ಮೊಂಡು ಚಾಕುವೇ ಹೆಚ್ಚು ಗಾಯ ಮಾಡುವುದು. ಅದು ಕತ್ತರಿಸುವುದಿಲ್ಲವೆಂದು ನೀವು ಬಲ ಹಾಕುತ್ತೀರಿ, ಅದು ಜಾರುತ್ತದೆ, ಆ ಬಲವೆಲ್ಲ ಎಡಗೈಗೆ ಬರುತ್ತದೆ. ಸಾಣೆಕಲ್ಲನ್ನು ಅಲುಗಾಡದಂತೆ ಕೂರಿಸಿ ಒದ್ದೆ ಮಾಡಿ. ಅಲಗನ್ನು ಸುಮಾರು 20 ಡಿಗ್ರಿ ಓರೆಗೆ ಹಿಡಿಯಿರಿ: ನೇರ ನಿಲ್ಲಿಸಿದರೆ 90, ಅದರ ಅರ್ಧ 45, ಅದರ ಅರ್ಧಕ್ಕಿಂತ ತುಸು ಕಡಿಮೆ. ಬುಡದಿಂದ ಮೊನೆಯವರೆಗೆ ಒಂದೇ ಓರೆಯಲ್ಲಿ ಉಜ್ಜುತ್ತಾ ಹೋದರೆ ಎದುರು ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಒರಟು ಅಂಚು ಏಳುತ್ತದೆ. ಅಂಚಿನ ಉದ್ದಕ್ಕೆ ಎಂದೂ ಸವರದೆ, ಅಡ್ಡಲಾಗಿ ಮಾತ್ರ, ಬೆನ್ನಿನ ಕಡೆಯಿಂದ ಹೊರಕ್ಕೆ ಬೆರಳು ಸವರಿದರೆ ಅದು ತಗಲುತ್ತದೆ. ಉದ್ದಕ್ಕೂ ಆ ಒರಟು ಬರುವವರೆಗೆ ಮಗ್ಗುಲು ಬದಲಿಸಬೇಡಿ. ಹೊಸಬರು ಸೋಲುವುದು ಇಲ್ಲೇ: ಎರಡು ಬದಿಗೂ ಅಷ್ಟಷ್ಟು ಉಜ್ಜಿ, ಎಲ್ಲಿಗೂ ಮುಟ್ಟದೆ ಬಿಟ್ಟುಬಿಡುತ್ತಾರೆ. ಬಳಿಕ ಇನ್ನೊಂದು ಬದಿಗೂ ಹಾಗೆಯೇ ಮಾಡಿ; 1000 ಗ್ರಿಟ್‌ನಂಥ (ಗ್ರಿಟ್ ಎಂದರೆ ಕಲ್ಲಿನ ನಯದ ಅಂಕ) ನಯವಾದ ಕಲ್ಲಿನ ಮೇಲೆ ಹಗುರವಾಗಿ ಮುಗಿಸಿ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಅಂಚನ್ನು ಹಿಂದಾಗಿಸಿ ಎಳೆದರೆ ಉಳಿದ ಒರಟೂ ಹೋಗುತ್ತದೆ. ಕೈಯಲ್ಲಿ ಹಿಡಿದ ಕಾಗದ ಹರಿಯದೆ ಸೀಳಿದರೆ ಕಾಡಿನ ಕೆಲಸಕ್ಕೆ ಅಷ್ಟು ಹರಿತ ಧಾರಾಳ. ಉತ್ತರ ಯುರೋಪಿನ ನಾರ್ಡಿಕ್ ಮಾದರಿಯ ಚಾಕುಗಳಲ್ಲಿ ಓರೆ ಅಗಲವಾಗಿದ್ದು ಕಲ್ಲಿನ ಮೇಲೆ ತಾನೇ ಸಮತಟ್ಟಾಗಿ ಕೂರುತ್ತದೆ. ಕಲಿಯುವವರಿಗೆ ನಾನು ಹೇಳುವುದು ಅವನ್ನೇ, ಬೆಲೆಯೂ ಹೆಚ್ಚಲ್ಲ.

ಬಳಸುವಾಗ ಕೂತು ಬಳಸಿ. ಮೊಣಕೈಗಳನ್ನು ಮಂಡಿಗಳ ಮೇಲೆ ಊರಿ, ಕೆತ್ತುವ ಕೋಲು ಮಂಡಿಗಿಂತ ಮುಂದೆ ಇರಲಿ. ತೊಡೆಗಳ ನಡುವೆ ಇಟ್ಟು ಕೆತ್ತಬಾರದು. ತೊಡೆಯ ಒಳಬದಿಯಲ್ಲಿ ಹರಿಯುವ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಚಾಕು ಹಿರಿಯುವ ಮೊದಲು ಕೈ ಚಾಚಿ ಸುತ್ತ ತಿರುಗಿಸಿ, ಯಾರಿಗಾದರೂ ತಗಲುವಂತಿದ್ದರೆ ದೂರ ಸರಿಯಿರಿ. ಸೌದೆ ಸೀಳಲು ಅಲಗಿನ ಬೆನ್ನಿಗೆ ಇನ್ನೊಂದು ಕೋಲಿನಿಂದ ಹೊಡೆಯುವ ಕ್ರಮವಿದೆ. ಅಲಗಿನ ಉದ್ದಕ್ಕಿಂತ ಮೂರು–ನಾಲ್ಕು ಸೆಂ.ಮೀ. ಕಡಿಮೆ ದಪ್ಪದ, ಗಂಟಿಲ್ಲದ ತುಂಡಿಗೆ ಮಾತ್ರ ಅದು ಸರಿ. ಕಲ್ಲಿನಿಂದ ಎಂದೂ ಹೊಡೆಯಬೇಡಿ. ಚಾಕುವನ್ನು ಕೋಲಿಗೆ ಕಟ್ಟಿ ಈಟಿ ಮಾಡುವುದು, ಎಸೆಯುವುದು, ಮೀಟುಗೋಲಾಗಿ ಬಳಸುವುದು, ಇವು ಇದ್ದೊಂದು ಉಪಕರಣವನ್ನು ಕಳೆದುಕೊಳ್ಳುವ ದಾರಿಗಳು. ಸುಸ್ತಾದಾಗ, ಮಬ್ಬುಗತ್ತಲಲ್ಲಿ ಅದು ಒರೆಯಲ್ಲೇ ಇರಲಿ. ತೊಗಲಿನ ಒರೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮನೆಗೆ ಬಂದ ಮೇಲೆ ಚಾಕುವನ್ನು ಅದರಿಂದ ಹೊರತೆಗೆದು ಒರೆಸಿಡಿ.

ಚಾಕು ಒಯ್ಯುವವರ ಚೀಲದಲ್ಲಿ ಗಾಯ ಕಟ್ಟುವ ಸಾಮಾನೂ ಇರಲೇಬೇಕು. ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಹತ್ತು ನಿಮಿಷ ಎತ್ತಿ ನೋಡಲೇಬೇಡಿ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲು ಬಿಟ್ಟು, ರಕ್ತದ ಹರಿವು ತಡೆಯುವ ಟೂರ್ನಿಕೆ ಪಟ್ಟಿ ಬಿಗಿದು ಬಿಗಿದ ಹೊತ್ತನ್ನು ಬರೆದಿಡಿ. ಅದನ್ನು ಮೊದಲೇ ಒಬ್ಬ ತರಬೇತುದಾರರಿಂದ ಕಲಿತಿರಬೇಕು.

ಇನ್ನು ಆತ್ಮರಕ್ಷಣೆ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಾಲು ಅದೇ. ಭಯ ನಿಜ, ಅದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಭಯಕ್ಕೆ ಚಾಕು ಮದ್ದಾಗಲಾರದು. ಚಾಕು ಎದುರಾಳಿಯನ್ನು ಮುಟ್ಟುವಷ್ಟು ಹತ್ತಿರ ಬಂದಿದ್ದರೆ ಎದುರಾಳಿಯ ಕೈಯೂ ನಿಮ್ಮನ್ನು ಮುಟ್ಟುತ್ತದೆ. ಗಾಯಗೊಂಡವನು ಅಲ್ಲೇ ನಿಲ್ಲುತ್ತಾನೆಂಬ ಖಾತ್ರಿಯಿಲ್ಲ. ಗಾಬರಿ, ಸಿಟ್ಟು, ಅಮಲು ಇದ್ದವನಿಗೆ ಗಾಯವಾದದ್ದೇ ಕೆಲವೊಮ್ಮೆ ತಿಳಿಯುವುದಿಲ್ಲ. ಹೆದರಿಕೆಯಲ್ಲಿ ನಿಮ್ಮ ಬೆರಳುಗಳ ನಾಜೂಕು ಮೊದಲು ಹೋಗುತ್ತದೆ. ಬೆವರಿದ ಕೈ ಅಲಗಿನ ಮೇಲೆ ಜಾರಿ ನಿಮ್ಮದೇ ಬೆರಳು ಕೊಯ್ಯುತ್ತದೆ. ಕಿತ್ತುಕೊಂಡರೆ ಆಯುಧವಿಲ್ಲದವನ ಕೈಗೆ ನೀವೇ ಆಯುಧ ಕೊಟ್ಟಂತೆ. ಸಮಯದ ಲೆಕ್ಕವನ್ನೂ ನೋಡಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನದ ಪ್ರಕಾರ, ಮೈಮೇಲೆ ನುಗ್ಗುವವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ತರಬೇತಿ ಪಡೆದ ಪೊಲೀಸರಿಗೇ ಪಿಸ್ತೂಲು ತೆಗೆದು ಹಾರಿಸಲು ಅಷ್ಟು ಹೊತ್ತು ಹಿಡಿಯುತ್ತದೆ. ಚೀಲದ ಪಕ್ಕದ ಒರೆಯಿಂದ ನೀವು ಚಾಕು ಹಿರಿಯುವುದು ಯಾವಾಗ? ಓಟ್ಸಿಯ ಕೈಯಲ್ಲಿ ಸಾಯುವ ಕೆಲವು ದಿನ ಮುಂಚಿನ ಆಳವಾದ ಗಾಯವಿತ್ತು, ಭುಜದಲ್ಲಿ ಬಾಣದ ಮೊನೆ ಹೂತಿತ್ತು. ಕೊಡಲಿ, ಚಾಕು ಎರಡೂ ಇದ್ದವನು ಹಿಂದಿನಿಂದ ಬಂದ ಬಾಣಕ್ಕೆ ಬಿದ್ದ.

ಅದರ ಬದಲು ದೂರ ಕಾಪಾಡಿಕೊಳ್ಳುವುದನ್ನು ಕಲಿಯಿರಿ. ಕೊರಳಿಗೆ ಜೋತುಬಿಟ್ಟ ಸೀಟಿ, ಕಣ್ಣು ಕುಕ್ಕುವ ಟಾರ್ಚ್, ಗಟ್ಟಿ ದನಿ, ಓಡಲು ಬಿಟ್ಟುಕೊಂಡ ದಾರಿ. ಕೇಳಿದ್ದು ಹಣವಾದರೆ ಕೊಟ್ಟುಬಿಡಿ. ಮನಸ್ಸು ಅಳುಕಿದ ಜಾಗದಲ್ಲಿ ಗುಡಾರ ಹಾಕಬೇಡಿ, ನಾಳೆ ಎಲ್ಲಿ ಮಲಗುತ್ತೀರೆಂದು ದಾರಿಯಲ್ಲಿ ಸಿಕ್ಕವರಿಗೆ ಹೇಳಬೇಡಿ. ಕಾಡುಪ್ರಾಣಿಯ ವಿಷಯದಲ್ಲಂತೂ ಚಾಕು ನಂಬಿ ಎದುರು ನಿಲ್ಲುವುದು ಆತ್ಮಹತ್ಯೆ. ಸದ್ದು ಮಾಡುತ್ತಾ ನಡೆಯಿರಿ, ಊಟವನ್ನು ಮಲಗುವ ಜಾಗದಿಂದ ದೂರ ಇಡಿ, ಕಂಡರೆ ಬೆನ್ನು ತೋರಿಸಿ ಓಡದೆ ಮೆಲ್ಲಗೆ ಹಿಂದೆ ಸರಿಯಿರಿ.

ಒಬ್ಬರೇ ಹೋಗುವ ಆಸೆಯ ಬಗ್ಗೆ ಒಂದು ಮಾತು. 2003ರಲ್ಲಿ ಅಮೆರಿಕದ ಯೂಟಾದ ಕಂದರವೊಂದರಲ್ಲಿ ಆರನ್ ರಾಲ್ಸ್ಟನ್ ಎಂಬ ಚಾರಣಿಗನ ಬಲಗೈ ಬಂಡೆಯಡಿ ಸಿಕ್ಕಿಕೊಂಡಿತು. ಅವನ ಬಳಿ ಇದ್ದದ್ದು ಅಗ್ಗದ ಮಲ್ಟಿಟೂಲ್, ಅಂದರೆ ಹಲವು ಉಪಕರಣ ಮಡಚಿಟ್ಟ ಒಂದು ಸಾಧನ. ಬಂಡೆ ಕೆತ್ತಿ ಕೆತ್ತಿ ಅದರ ಅಲಗು ಮೊಂಡಾಗಿತ್ತು. ಐದು ದಿನ ಕಳೆದ ಮೇಲೆ ಮೂಳೆಗಳನ್ನು ತಾನೇ ಮುರಿದುಕೊಂಡು, ಅದೇ ಅಲಗಿನಿಂದ ಕೈ ಕತ್ತರಿಸಿಕೊಂಡು ಬದುಕಿ ಬಂದ. ಹರಿತವಾದ ಚಾಕು ಇದ್ದಿದ್ದರೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಎಲ್ಲಿಗೆ ಹೋಗುತ್ತೇನೆಂದು ಅವನು ಯಾರಿಗೂ ಹೇಳಿರಲಿಲ್ಲ ಎಂಬುದು. ದಾರಿ, ಮರಳುವ ದಿನ, ಎಷ್ಟು ಹೊತ್ತು ಕಾದು ಹುಡುಕಲು ಹೇಳಬೇಕು, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೊರಡಿ.

ಮಡಚುವ ಚಾಕು ಸಾಲದೇ ಎಂದಿದ್ದೀರಿ. ಒಂದೇ ದಿನದ ನಡಿಗೆಗೆ ಸಾಕು, ಆದರೆ ಅದರ ಕೀಲಿಗೆ ಮಣ್ಣು, ಮರಳು ಸೇರುತ್ತದೆ. ಸೌದೆ ಸೀಳಲು ಬಾರದು. ಕೊಳ್ಳುವ ಮುನ್ನ ಹೋಗುವ ಜಾಗದ ಕಾನೂನು ಓದಿಕೊಳ್ಳಿ. ಬ್ರಿಟನ್ನಿನ 1988ರ ಕಾಯ್ದೆಯಂತೆ ಸಾರ್ವಜನಿಕ ಸ್ಥಳದಲ್ಲಿ ಕಾರಣ ಕೊಡದೆ ಇಟ್ಟುಕೊಳ್ಳಬಹುದಾದದ್ದು 3 ಇಂಚು ಮೀರದ ಅಲಗಿನ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ‘ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೇನೆ’ ಎಂದರೆ ಅಲ್ಲಿ ಅದೇ ಚಾಕು ಆಯುಧವೆನಿಸಿಕೊಳ್ಳಬಹುದು. ವಿಮಾನದಲ್ಲಿ ಹೋಗುವುದಾದರೆ ಒರೆಯ ಸಮೇತ ಗಟ್ಟಿಯಾಗಿ ಸುತ್ತಿ ಕೆಳಗೆ ಹಾಕುವ ಸಾಮಾನಿನಲ್ಲಿ ಇಡಿ, ಕೈಚೀಲದಲ್ಲಿ ಬೇಡ. ಹೊರಡುವ ಮೊದಲು ಮನೆಯ ಹಳೆಯ ಚಾಕುವೊಂದನ್ನು ಮಸೆದು, ಒಣ ಕೋಲಿನ ಮೇಲೆ ಸುರುಳಿ ಎಬ್ಬಿಸಿ ನೋಡಿ. ಎಲ್ಲಿ ತೊಡಕಾಯಿತೆಂದು ಬರೆದರೆ ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದುವರಿಸೋಣ.

— ಸಂ.