ಒಮಿಕ್ರಾನ್ ಹುಟ್ಟಿದ್ದು ಡೆಲ್ಟಾದಿಂದಾನಾ?

ಪ್ರಶ್ನೆ: ಕೊರೊನಾದಲ್ಲಿ ಡೆಲ್ಟಾ ಆದ್ಮೇಲೆ ಒಮಿಕ್ರಾನ್ ಬಂತಲ್ಲ, ಡೆಲ್ಟಾನೇ ಬದಲಾಗಿ ಒಮಿಕ್ರಾನ್ ಆಯ್ತಾ? ಎಕ್ಸ್‌ಬಿಬಿ, ಜೆಎನ್.1 ಇವೆಲ್ಲ ಯಾರ ಮಕ್ಕಳು?

ಉತ್ತರ: ಇಲ್ಲ, ಡೆಲ್ಟಾ ಒಮಿಕ್ರಾನ್‌ಗೆ ಅಪ್ಪ ಅಲ್ಲ, ದಾಯಾದಿ. ಆಲ್ಫಾ, ಬೀಟಾ ಅನ್ನೋ ಹೆಸರುಗಳನ್ನ 2021ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದ್ದು ಜನ ಸುಲಭವಾಗಿ ಹೇಳ್ಲಿ, ಮೊದಲು ಕಂಡ ದೇಶವನ್ನ ದೂರೋದು ತಪ್ಪಲಿ ಅಂತ, ಸಂಬಂಧ ತೋರ್ಸೋಕಲ್ಲ. ಸಂಬಂಧ ಬೇಕಂದ್ರೆ ವಿಜ್ಞಾನಿಗಳು ಇಟ್ಟಿರೋ ಇನ್ನೊಂದು ಹೆಸರು ನೋಡಿ: ಡೆಲ್ಟಾ ಅಂದ್ರೆ ಬಿ.1.617.2, ಒಮಿಕ್ರಾನ್ ಅಂದ್ರೆ ಬಿ.1.1.529. ಬಿ.1 ತನಕ ಇಬ್ಬರದ್ದೂ ಒಂದೇ ಮನೆ, ಅಲ್ಲಿಂದ 2020ರ ಮೊದಲ ತಿಂಗಳುಗಳಲ್ಲೇ ಪಾಲಾಗಿಬಿಟ್ಟಿದೆ.

ಬದಲಾವಣೆ ಹೇಗಾಗತ್ತೆ ಅಂದ್ರೆ, ಈ ವೈರಸ್‌ನ ಆನುವಂಶಿಕ ಬರಹವಾದ ಆರ್‌ಎನ್‌ಎನಲ್ಲಿ ಸುಮಾರು 30,000 ಅಕ್ಷರ ಇವೆ, ನಮ್ಮ ಜೀವಕೋಶದೊಳಗೆ ಕೂತು ಅದನ್ನ ಮತ್ತೆ ಮತ್ತೆ ಕಾಪಿ ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪತ್ತೆ, ತಪ್ಪು ತಿದ್ದೋ ಕಿಣ್ವ ಇದ್ರೂ ಕೆಲವು ಉಳ್ಕೊಳ್ತವೆ, ಹರಡ್ತಾ ಹೋಗೋ ಒಂದು ಕವಲಲ್ಲಿ ತಿಂಗಳಿಗೆ ಹೆಚ್ಚುಕಮ್ಮಿ ಎರಡು. ಬಹುಪಾಲು ತಪ್ಪಿಂದ ವೈರಸ್‌ಗೆ ಲಾಭ ಇಲ್ಲ, ಕೆಲವು ಅದಕ್ಕೇ ಮುಳುವು. ಅಪರೂಪಕ್ಕೆ ಒಂದು ಅದಕ್ಕೆ ವರ ಆಗತ್ತೆ. ಉದಾಹರಣೆಗೆ ವೈರಸ್ ಮೈಮೇಲಿನ ಮುಳ್ಳು, ಅಂದ್ರೆ ಸ್ಪೈಕ್ ಪ್ರೋಟೀನಿನ 501ನೇ ಜಾಗ ತಗೊಳ್ಳಿ, ಅಲ್ಲಿ 'ಎಎಯು' ಅಂತಿದ್ದದ್ದು 'ಯುಎಯು' ಆದ್ರೆ ಸಾಕು, ಒಂದೇ ಅಕ್ಷರ, ಆಸ್ಪರಜಿನ್ ಅನ್ನೋ ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆ) ಇದ್ದಲ್ಲಿ ಟೈರೋಸಿನ್ ಅನ್ನೋ ಇನ್ನೊಂದು ಬಂದು ಕೂರತ್ತೆ, ವೈರಸ್ ನಮ್ಮ ಕೋಶವನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ಆಲ್ಫಾ, ಬೀಟಾ, ಗಾಮಾ, ಒಮಿಕ್ರಾನ್ ನಾಲ್ಕರಲ್ಲೂ ಇದು ಬಂತು, ಯಾರೂ ಯಾರಿಂದಲೂ ಪಡ್ಕೊಂಡಿದ್ದಲ್ಲ, ಅವರವರೇ ಬೇರೆ ಬೇರೆಯಾಗಿ ಗಳಿಸಿದ್ದು! ನನಗೆ ಇವತ್ತಿಗೂ ಮೈ ಜುಂ ಅನ್ಸೋ ವಿಷಯ ಇದು. ಅದಕ್ಕೇ ಒಂದು ಬದಲಾವಣೆ ಹೊಂದ್ತು ಅಂತ ನೆಂಟಸ್ತನ ಹೇಳೋಕಾಗಲ್ಲ, ಪೂರ್ತಿ ಜೀನೋಮ್, ಅಂದ್ರೆ ಆ ಎಲ್ಲ ಅಕ್ಷರಗಳನ್ನೂ, ಪಕ್ಕಪಕ್ಕ ಇಟ್ಟು ಓದ್ಬೇಕು.

ಎಕ್ಸ್‌ಬಿಬಿ ಕಥೆ ಬೇರೆ, ಅದಕ್ಕೆ ಹೆತ್ತವರು ಇಬ್ಬರು. ಬಿಎ.2 ಅನ್ನೋದು ಒಮಿಕ್ರಾನ್‌ನದೇ ಒಂದು ಕವಲು, ಅದರ ಎರಡು ಉಪಕವಲು ಒಂದೇ ಕೋಶಕ್ಕೆ ನುಗ್ಗಿದಾಗ ಕಾಪಿ ಮಾಡ್ತಿದ್ದ ಕಿಣ್ವ ಒಂದನ್ನ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದೆ, ಹಿಂಗೆ ಬೆರಕೆಯಾದವಕ್ಕೆ ಹೆಸರು ಎಕ್ಸ್ ಇಂದ ಶುರು. ಇನ್ನು ಹೆಸರಲ್ಲಿ ಚುಕ್ಕಿ ಹಾಕಿ ಬರೆಯೋ ಅಂಕಿಗಳು ಮೂರಕ್ಕಿಂತ ಜಾಸ್ತಿಯಾದ್ರೆ ಹೊಸ ಅಕ್ಷರ ಕೊಡ್ತಾರೆ, ಬಿಎ.2.86.1.1 ಅನ್ನೋದನ್ನೇ ಚಿಕ್ಕದಾಗಿ ಜೆಎನ್.1 ಅಂತಾರೆ. ಅಂದ್ರೆ ಎಕ್ಸ್‌ಬಿಬಿ ಆದ್ಮೇಲೆ ಬಂದ ಜೆಎನ್.1 ಕೂಡ ಅದರ ಮಗು ಅಲ್ಲ, ಎರಡರ ಬೇರೂ ಬಿಎ.2ನಲ್ಲೇ ಇದೆ.